ಲಂಡನ್ ನಗರದಲ್ಲಿ ಪರದೇಶಿಯ ಬಾಡಿಗೆ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಅನ್ಯದೇಶದಿಂದ ಬಂದವನು ಎಂಬುದೊಂದು. ದಿಕ್ಕಿಲ್ಲದವನು ಎಂಬುದು ಇನ್ನೊಂದು. ಇವೆರಡೂ ಒಂದೇ ಮಾತಿನಲ್ಲಿ ಕೂಡಿಕೊಂಡಿರುವುದು ಲೋಕಾನುಭವಕ್ಕೆ ಒಪ್ಪುವ ಸಂಗತಿಯೇ ಸರಿ. ಹೊಸ ಊರಿಗೆ ಕಾಲಿಟ್ಟವನಿಗೆ ಅಲ್ಲಿ ಬಂಧುಗಳಿಲ್ಲ, ದಾರಿಯ ಪರಿಚಯವಿಲ್ಲ, ಅಲ್ಲಿಯ ನಾಣ್ಯಗಳ ಬೆಲೆಯೂ ಕೈಗೆ ರೂಢಿಯಾಗಿರುವುದಿಲ್ಲ. ಅಂಥವನು ಗಂಟುಮೂಟೆಗಳೊಡನೆ ಬೀದಿಯಲ್ಲಿ ನಿಂತು ತನ್ನ ಬಿಡಾರವನ್ನು ಸೇರಬೇಕೆಂದರೆ ಮೊದಲು ಎದುರಾಗುವ ಪ್ರಶ್ನೆಯೆಂದರೆ, ಬಾಡಿಗೆ ಎಷ್ಟು ಎಂಬುದು. ಊರವನಿಗೆ ಇದು ಪ್ರಶ್ನೆಯೇ ಅಲ್ಲ. ದಿನವೂ ಕೊಡುವುದನ್ನು ಕೊಟ್ಟು ಅವನು ತನ್ನ ದಾರಿ ಹಿಡಿಯುತ್ತಾನೆ. ಪರಸ್ಥಳದವನು ಗಾಡಿಯವನ ಮುಖವನ್ನು ನೋಡಬೇಕು. ಗಾಡಿಯವನು ಪರಸ್ಥಳದವನ ಉಡುಪನ್ನೂ ಗಂಟನ್ನೂ ನೋಡಿ ಬಾಡಿಗೆಯನ್ನು ಹೇಳುತ್ತಾನೆ.

ಈ ಸಣ್ಣ ವ್ಯವಹಾರದಲ್ಲಿ ಒಂದು ದೊಡ್ಡ ನ್ಯಾಯದ ಪ್ರಶ್ನೆ ಅಡಗಿರುವುದು. ಬಾಡಿಗೆಯನ್ನು ಸರಿಯಾಗಿ ತಿಳಿದಿರಬೇಕಾದ ಹೊಣೆ ಯಾರದು? ಕೊಡುವವನದೋ, ತೆಗೆದುಕೊಳ್ಳುವವನದೋ, ಇಲ್ಲವೆ ಇವರಿಬ್ಬರಿಗೂ ಮೇಲಾದ ಪೌರವ್ಯವಸ್ಥೆಯದೋ? ಲಂಡನ್ ನಗರದ ವಾಹನಗಳ ಚರಿತ್ರೆಯನ್ನು ನೋಡಿದರೆ ಈ ಹೊಣೆಯು ಐದು ನೂರು ವರ್ಷಗಳಲ್ಲಿ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಮೆಲ್ಲಮೆಲ್ಲನೆ ಜಾರಿಕೊಂಡು ಬಂದ ಬಗೆ ಸ್ಪಷ್ಟವಾಗಿ ಕಾಣುವುದು.

೧

ಲಂಡನ್ನಿನ ಮೊದಲ ರಾಜಮಾರ್ಗವು ಥೇಮ್ಸ್ ನದಿ. ೧೭೫೦ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆಯು ತೆರೆಯುವವರೆಗೆ ನಗರದ ನಡುವೆ ನದಿಯನ್ನು ದಾಟಲು ಪುರಾತನವಾದ ಲಂಡನ್ ಸೇತುವೆಯೊಂದೇ ಇದ್ದಿತು. ಆದಕಾರಣ ಈ ದಡದಿಂದ ಆ ದಡಕ್ಕೆ ಹೋಗುವವರೂ, ಪೂರ್ವದಿಂದ ಪಶ್ಚಿಮಕ್ಕೆ ಹೋಗುವವರೂ ಅಂಬಿಗರನ್ನೇ ನೆಚ್ಚಬೇಕಾಗಿದ್ದಿತು. ಅಂಬಿಗರು ಬಾಯಿಗೆ ಬಂದಂತೆ ಕೇಳುವರೆಂಬ ದೂರು ಹೆಚ್ಚಲು, ೧೫೧೪ರಲ್ಲಿ ಪಾರ್ಲಿಮೆಂಟು ಅವರ ಬಾಡಿಗೆಯನ್ನು ಕಟ್ಟುಮಾಡಿ ಶಾಸನವನ್ನು ವಿಧಿಸಿತು. ೧೫೫೫ರ ಇನ್ನೊಂದು ಶಾಸನದಿಂದ ಅಂಬಿಗರ ಸಂಘವು ಏರ್ಪಟ್ಟು, ಅವರ ಮೇಲೆ ವಿಚಾರಕರು ನೇಮಿಸಲ್ಪಟ್ಟರು. ಬಾಡಿಗೆಯೆಂಬುದು ಇಬ್ಬರ ನಡುವಣ ಚೌಕಾಶಿಯಲ್ಲ, ಅದು ರಾಜ್ಯವು ಕೈಹಾಕಬೇಕಾದ ವಿಷಯವೆಂಬ ತತ್ತ್ವವು ಇಷ್ಟು ಹಿಂದೆಯೇ ಅಲ್ಲಿ ಅಂಗೀಕೃತವಾಯಿತು.

ನೆಲದ ಮೇಲೆ ಬಾಡಿಗೆಯ ಗಾಡಿಗಳು ಬಂದುದು ತರುವಾಯ. ೧೬೩೪ರಲ್ಲಿ ಬೈಲಿ ಎಂಬ ನಾವಿಕ ಕಪ್ತಾನನು ನಾಲ್ಕು ಸಾರೋಟುಗಳನ್ನು ಕೊಂಡು, ಹೊಡೆಯುವವರಿಗೆ ಒಂದೇ ಬಗೆಯ ಉಡುಪನ್ನು ತೊಡಿಸಿ, ಸ್ಟ್ರಾಂಡ್ ಬೀದಿಯ ಮೇಪೋಲ್ ಕಂಬದ ಬಳಿ ನಿಲ್ಲಿಸಿದನು. ನಗರದ ಯಾವ ಭಾಗಕ್ಕೆ ಎಷ್ಟು ತೆಗೆದುಕೊಳ್ಳಬೇಕೆಂಬುದನ್ನೂ ಅವರಿಗೆ ಮೊದಲೇ ಹೇಳಿಕೊಟ್ಟಿದ್ದನು. ಗೊತ್ತಾದ ಸ್ಥಳ, ಗುರುತು ಹಿಡಿಯುವಂಥ ಉಡುಪು, ಕಟ್ಟಿದ ದರ—ಈ ಮೂರೂ ಪರಸ್ಥಳದವನಿಗೆ ಬೇಕಾದವುಗಳೇ ಆಗಿದ್ದುವು. ಇತರರು ಬೈಲಿಯನ್ನು ಅನುಸರಿಸಿದರು. ಗಾಡಿಗಳು ಹೆಚ್ಚಿ ಬೀದಿಗಳು ಇಕ್ಕಟ್ಟಾಗಲು ೧೬೫೪ರಲ್ಲಿ ಕ್ರಾಮ್‌ವೆಲ್ಲನ ಆಳಿಕೆಯಲ್ಲಿ ಗಾಡಿಯವರನ್ನು ಹತೋಟಿಯಲ್ಲಿಡುವ ಕಟ್ಟಳೆಯಾಯಿತು. ೧೬೬೨ರ ಶಾಸನವು ಗಾಡಿಗಳ ಸಂಖ್ಯೆಯನ್ನು ೪೦೦ಕ್ಕೆ ಮಿತಿಗೊಳಿಸಿ, ಮೊದಲ ಗಂಟೆಗೆ ೧೮ ಪೆನ್ಸ್, ಅಲ್ಲಿಂದ ಮುಂದೆ ಗಂಟೆಗೆ ೧೨ ಪೆನ್ಸ್ ಮೀರಬಾರದೆಂದು ಬಾಡಿಗೆಯನ್ನು ಗೊತ್ತುಮಾಡಿತು.

ಶಾಸನವೇನೋ ಆಯಿತು, ಆದರೆ ಅದರಿಂದ ಪರದೇಶಿಗೆ ಆದ ಉಪಕಾರವು ಸ್ವಲ್ಪವೇ. ಗಂಟೆಯ ಲೆಕ್ಕವನ್ನು ಹೇಳಲು ಗಡಿಯಾರ ಬೇಕು. ಆ ಕಾಲದಲ್ಲಿ ಅದು ಶ್ರೀಮಂತರ ಜೇಬಿನ ವಸ್ತು. ದರವು ಇಷ್ಟೆಂದು ತಿಳಿಯಲು ಶಾಸನವನ್ನು ಓದಿರಬೇಕು. ಹಳ್ಳಿಯಿಂದಲೋ ಹೊರದೇಶದಿಂದಲೋ ಬಂದವನು ಅದನ್ನು ಓದಿರುವುದೆಂತು? ನ್ಯಾಯವು ಅವನ ಕಡೆಗಿದ್ದರೂ ಜ್ಞಾನವು ಗಾಡಿಯವನ ಕಡೆಗೇ ಇದ್ದಿತು. ತನಗೆ ಹಕ್ಕುಂಟೆಂದು ಅರಿಯದವನಿಗೆ ಹಕ್ಕಿದ್ದೂ ಇಲ್ಲದಂತೆಯೇ.

೨

ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನು ಪ್ರಪಂಚದ ಅತಿ ದೊಡ್ಡ ನಗರವಾಯಿತು. ರೈಲುದಾರಿಗಳು ಬಂದು ಸೇರಿದ ಮೇಲೆ ಹೊರಗಿನವರು ದಿನದಿನವೂ ಸಾವಿರಗಟ್ಟಲೆಯಾಗಿ ನಿಲ್ದಾಣಗಳಲ್ಲಿ ಇಳಿಯತೊಡಗಿದರು. ೧೮೫೧ರಲ್ಲಿ ಹೈಡ್ ಪಾರ್ಕಿನ ಗಾಜಿನ ಅರಮನೆಯಲ್ಲಿ ನಡೆದ ಮಹಾಪ್ರದರ್ಶನಕ್ಕೆ ಐದೂವರೆ ತಿಂಗಳಲ್ಲಿ ಅರುವತ್ತು ಲಕ್ಷ ಸಲ ಜನರು ಪ್ರವೇಶಿಸಿದರು. ಅವರಲ್ಲಿ ಲಂಡನ್ನನ್ನು ಹಿಂದೆ ಕಂಡಿರದವರು ಅಸಂಖ್ಯಾತರು. ಗಾಡಿಯವನಿಗೂ ಅಪರಿಚಿತನಿಗೂ ನಡೆಯುವ ಜಗಳವು ಒಬ್ಬಿಬ್ಬರ ಕಷ್ಟವೆನಿಸದೆ ನಗರದ ಮಾನಾಪಮಾನದ ವಿಷಯವಾಯಿತು.

೧೮೫೩ರ ಶಾಸನವು ಈ ಪರಿಸ್ಥಿತಿಯಲ್ಲಿ ಹುಟ್ಟಿದುದು. ಮೈಲಿಗೆ ೮ ಪೆನ್ಸ್ ಇದ್ದ ಬಾಡಿಗೆಯನ್ನು ಅದು ೬ ಪೆನ್ಸಿಗೆ ಇಳಿಸಿತು. ವಿವಾದ ಹುಟ್ಟಿದರೆ ತನ್ನನ್ನು ಹತ್ತಿರದ ಪೋಲೀಸು ನ್ಯಾಯಸ್ಥಾನಕ್ಕೆ ಕೊಂಡೊಯ್ಯುವಂತೆ ಪ್ರಯಾಣಿಕನು ಗಾಡಿಯವನಿಗೇ ಆಜ್ಞಾಪಿಸಬಹುದೆಂಬ ವಿಚಿತ್ರವಾದ ಅನುಕೂಲವೂ ಅದರಲ್ಲಿದ್ದಿತು. ಮೋಸ ಮಾಡಿದವನೇ ಮೋಸಹೋದವನನ್ನು ನ್ಯಾಯಾಧೀಶರ ಬಾಗಿಲಿಗೆ ಹೊತ್ತುಕೊಂಡು ಹೋಗಬೇಕು! ಗಾಡಿಯವರು ಇದನ್ನು ಸಹಿಸಲಿಲ್ಲ. ಆ ವರ್ಷದ ಜುಲೈ ತಿಂಗಳ ಕೊನೆಯಲ್ಲಿ ಅವರು ಮುಷ್ಕರ ಹೂಡಿ ಬೀದಿಗಳನ್ನು ಬರಿದುಮಾಡಿದರು. ಅವರ ಪಕ್ಷದಲ್ಲಿಯೂ ನ್ಯಾಯವಿಲ್ಲದಿರಲಿಲ್ಲ. ಅನೇಕರಿಗೆ ಗಾಡಿಯೂ ಕುದುರೆಯೂ ಸ್ವಂತದ್ದಲ್ಲ. ಯಜಮಾನನಿಗೆ ದಿನಕ್ಕೆ ಇಷ್ಟೆಂದು ಮೊದಲು ತೆತ್ತು, ಉಳಿದುದರಲ್ಲಿ ಸಂಸಾರವನ್ನು ಸಾಗಿಸಬೇಕಾಗಿದ್ದಿತು. ಕಾನೂನು ಮೈಲಿಗೆ ಎರಡು ಪೆನ್ಸನ್ನು ಕಿತ್ತುಕೊಂಡಾಗ ಯಜಮಾನನ ಪಾಲು ಹಾಗೆಯೇ ನಿಂತಿತು. ಕಡಮೆಯಾದುದು ಬಡವನ ಪಾಲೇ. ಅಪರಿಚಿತನಿಂದ ಹೆಚ್ಚು ಕೇಳುವ ದುರಾಸೆಯ ಬೆನ್ನಿಗೆ ಈ ಬಡತನವು ಇದ್ದಿತೆಂಬುದನ್ನು ಮರೆಯಲಾಗದು.

ಮೈಲಿಯ ಲೆಕ್ಕವೂ ಗಂಟೆಯ ಲೆಕ್ಕದಂತೆಯೇ ತೊಡಕಿನದು. ಪ್ಯಾಡಿಂಗ್ಟನ್ ನಿಲ್ದಾಣದಿಂದ ಸೇಂಟ್ ಪಾಲರ ದೇವಾಲಯಕ್ಕೆ ಎಷ್ಟು ಮೈಲಿಯೆಂಬುದು ಹೊಸಬನಿಗೆ ಹೇಗೆ ತಿಳಿಯಬೇಕು? ಈ ಕೊರತೆಯನ್ನು ತುಂಬಲು ಪುಸ್ತಕಗಳೇ ಹುಟ್ಟಿಕೊಂಡುವು. ಭೂಪಟಗಳನ್ನು ಪ್ರಕಟಿಸುತ್ತಿದ್ದ ಎಡ್ವರ್ಡ್ ಮಾಗ್ ಎಂಬವನು ಹತ್ತು ಸಾವಿರ ಬಾಡಿಗೆಗಳನ್ನು ಪಟ್ಟಿಮಾಡಿದ ಕೈಹೊತ್ತಗೆಯನ್ನು ಮಾರಾಟಕ್ಕಿಟ್ಟನು. ಸರ್ಟೀಸ್ ಎಂಬ ಕಾದಂಬರಿಕಾರನು ಸೃಷ್ಟಿಸಿದ ಸ್ಪಂಜ್ ಎಂಬ ಪಾತ್ರವು ಮಾಗನ ಹೊತ್ತಗೆಯನ್ನು ಎಲ್ಲಿ ಹೋದರೂ ಬಿಡದೆ ಓದುತ್ತಿರುವುದನ್ನು ಕಂಡು ಆ ಕಾಲದ ಓದುಗರು ನಕ್ಕರು. ನಗೆಯ ವಿಷಯವಾದರೂ ಅದರಲ್ಲಿ ಒಂದು ಸತ್ಯವಿತ್ತು. ಹತ್ತು ಸಾವಿರ ಸಂಖ್ಯೆಗಳನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರೆ ಮಾತ್ರ ಮನುಷ್ಯನು ಮೋಸಹೋಗದೆ ಪ್ರಯಾಣ ಮಾಡಬಹುದಾದ ನಗರವಾಗಿದ್ದಿತು ಅದು.

ಬಾಡಿಗೆಗಾಡಿಯ ಮಟ್ಟಿಗೆ ಈ ತೊಡಕನ್ನು ಕಡೆಗೆ ಬಿಡಿಸಿದುದು ಯಂತ್ರ. ದೂರವನ್ನೂ ಕಾಲವನ್ನೂ ತಾನೇ ಅಳೆದು ಹಣವನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಟ್ಯಾಕ್ಸಿಮೀಟರನ್ನು ೧೯೦೭ರಲ್ಲಿ ಲಂಡನ್ನಿನ ಮೋಟಾರು ಬಾಡಿಗೆಗಾಡಿಗಳಿಗೆ ಕಡ್ಡಾಯ ಮಾಡಿದರು. ಗಾಡಿಗೆ ‘ಟ್ಯಾಕ್ಸಿ’ ಎಂಬ ಹೆಸರು ಬಂದುದೂ ಈ ಅಳತೆಯ ಯಂತ್ರದಿಂದಲೇ.

೩

ಬಾಡಿಗೆಗಾಡಿಯು ಒಬ್ಬನಿಗೋ ಒಂದು ಕುಟುಂಬಕ್ಕೋ ಸಲ್ಲುವುದು. ಎಲ್ಲರಿಗೂ ಸಲ್ಲುವ ವಾಹನವು ಬಂದುದು ಬೇರೊಂದು ದಾರಿಯಿಂದ. ಜಾರ್ಜ್ ಶಿಲ್ಲಿಬೀರ್ ಎಂಬ ಗಾಡಿ ತಯಾರಕನು ಪ್ಯಾರಿಸ್ಸಿನಲ್ಲಿ ಹೊಸದಾಗಿ ಬಳಕೆಗೆ ಬಂದಿದ್ದ ‘ಆಮ್ನಿಬಸ್’ ಎಂಬ ಉದ್ದನೆಯ ಗಾಡಿಗಳನ್ನು ಕಂಡು, ಅಂಥದನ್ನೇ ಲಂಡನ್ನಿನಲ್ಲಿ ಓಡಿಸಿದನು. ೧೮೨೯ನೆಯ ಇಸವಿ ಜುಲೈ ೪ರಂದು ಪ್ಯಾಡಿಂಗ್ಟನ್ನಿನಿಂದ ಬ್ಯಾಂಕಿನವರೆಗೆ ಮೊದಲ ಗಾಡಿ ಹೊರಟಿತು. ಮೂರು ಕುದುರೆಗಳು, ೨೨ ಮಂದಿಗೆ ಸ್ಥಳ. ಪೂರ್ತಿ ದೂರಕ್ಕೆ ಒಂದು ಷಿಲಿಂಗ್, ಇಸ್ಲಿಂಗ್ಟನ್ನಿನಿಂದ ಯಾವ ಕೊನೆಗಾದರೂ ೬ ಪೆನ್ಸ್. ಮೊದಲೇ ಜಾಗವನ್ನು ಗೊತ್ತುಮಾಡಿಕೊಳ್ಳಬೇಕಾಗಿರಲಿಲ್ಲ. ಬಂದವನು ಹತ್ತಿ ಕುಳಿತುಕೊಳ್ಳಬಹುದಾಗಿದ್ದಿತು.

‘ಆಮ್ನಿಬಸ್’ ಎಂಬುದು ಲ್ಯಾಟಿನ್ ಭಾಷೆಯ ಮಾತು. ‘ಎಲ್ಲರಿಗಾಗಿ’ ಎಂದು ಅದರ ಅರ್ಥ. ಹೆಸರಿಗೆ ತಕ್ಕಂತೆ ಆಗ ಅದು ನಡೆದುಕೊಂಡಿತೆಂದು ಹೇಳಲಾಗದು. ಒಂದು ಷಿಲಿಂಗನ್ನು ಕೊಡಲಾರದ ಕೂಲಿಗಾರನು ಕಾಲ್ನಡಿಗೆಯಲ್ಲಿಯೇ ಇದ್ದನು. ಶಿಲ್ಲಿಬೀರನಾದರೂ ಸ್ಪರ್ಧೆಯಲ್ಲಿ ಸೋತು ಹಣ ಕಳೆದುಕೊಂಡನು. ಆದರೂ ಅವನ ಗಾಡಿಯೊಡನೆ ಒಂದು ಹೊಸ ತತ್ತ್ವವು ಬೀದಿಗಿಳಿಯಿತು. ಒಂದೇ ಪೀಠದ ಮೇಲೆ ಕುಳಿತ ಊರವನೂ ಪರವೂರವನೂ ಒಂದೇ ಬಾಡಿಗೆಯನ್ನು ಕೊಡುವರು. ಪಕ್ಕದವನು ಕೊಟ್ಟುದನ್ನು ಕಂಡು ಹೊಸಬನು ತಾನೆಷ್ಟು ಕೊಡಬೇಕೆಂಬುದನ್ನು ಅರಿಯುವನು. ಗಾಡಿಯವನೊಡನೆ ಒಂಟಿಯಾಗಿ ಹೋರಾಡಬೇಕಾಗಿದ್ದವನಿಗೆ ಇಪ್ಪತ್ತೊಂದು ಮಂದಿ ಸಾಕ್ಷಿಗಳು ದೊರೆತಂತಾಯಿತು.

ಈ ಸಾಕ್ಷಿಗಳಿಂದಲೂ ಮೋಸವು ಪೂರ್ತಿಯಾಗಿ ನಿಲ್ಲಲಿಲ್ಲ. ೧೮೫೫ರಲ್ಲಿ ಸ್ಥಾಪಿತವಾದ ಲಂಡನ್ ಜನರಲ್ ಆಮ್ನಿಬಸ್ ಕಂಪೆನಿಯು ನಗರದ ಹೆಚ್ಚು ಪಾಲು ಗಾಡಿಗಳನ್ನು ಕೊಂಡು ಪ್ರಬಲವಾಯಿತು. ಅದರ ಗಾಡಿಗಳಂತೆಯೇ ಬಣ್ಣ ಬಳಿದ ಬೇರೆಯವರ ಗಾಡಿಗಳು ಬೀದಿಗಳಲ್ಲಿ ಸುಳಿದಾಡುತ್ತಿದ್ದುವು. ಜನರು ಇವುಗಳನ್ನು ‘ಕಡಲುಗಳ್ಳರ ಗಾಡಿ’ಗಳೆಂದು ಕರೆದರು. ಬಣ್ಣವನ್ನು ನಂಬಿ ಹತ್ತಿದ ಹೊಸಬನು ಇಳಿಯುವಾಗ ಹೆಚ್ಚು ಹಣವನ್ನು ತೆರಬೇಕಾಗಿ ಬರುತ್ತಿದ್ದಿತು. ಊರವರಿಗೆ ಎರಡರ ಭೇದವೂ ಗೊತ್ತು. ಬಲೆಯನ್ನು ಬೀಸಿದ್ದು ಗೊತ್ತಿಲ್ಲದವನಿಗೇ.

ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಬಸ್ಸುಗಳಲ್ಲಿ ಟಿಕೇಟೆಂಬುದು ರೂಢಿಯಲ್ಲಿರಲಿಲ್ಲವೆಂಬುದು ಈಗ ಆಶ್ಚರ್ಯವಾಗಿ ತೋರುವುದು. ಕಂಡಕ್ಟರನು ಹಣವನ್ನು ಕೈಗೆ ತೆಗೆದುಕೊಳ್ಳುವನು. ಸಂಜೆ ಯಜಮಾನನಿಗೆ ಒಂದು ಮೊತ್ತವನ್ನು ಒಪ್ಪಿಸುವನು. ನಡುವೆ ಕೈಯಲ್ಲಿ ಉಳಿದುದನ್ನು ಅವನೂ ಗಾಡಿ ಹೊಡೆಯುವವನೂ ಹಂಚಿಕೊಳ್ಳುವರು. ಕಂಪೆನಿಗೂ ಈ ಸಂಗತಿ ಗೊತ್ತಿದ್ದಿತು. ಕಡಮೆ ಸಂಬಳಕ್ಕೆ ಇದು ಪರಿಹಾರವೆಂಬಂತೆ ನಡೆದುಕೊಂಡು ಬಂದಿದ್ದಿತು. ೧೮೯೧ರಲ್ಲಿ ಕಂಪೆನಿಯು ತೂತು ಹೊಡೆದು ಕೊಡುವ ಟಿಕೇಟುಗಳನ್ನು ಜಾರಿಗೆ ತಂದಾಗ ಈ ಸಂಪಾದನೆಯು ನಿಂತುಹೋಯಿತು. ಆ ವರ್ಷದ ಜೂನ್ ತಿಂಗಳಲ್ಲಿ ನೌಕರರು ಮುಷ್ಕರ ಹೂಡಿದರು. ದಿನಕ್ಕೆ ಹನ್ನೆರಡು ಗಂಟೆಗಳಿಗಿಂತ ಹೆಚ್ಚು ದುಡಿಸಬಾರದೆಂಬುದು ಅವರ ಮುಖ್ಯವಾದ ಬೇಡಿಕೆ. ಅದಕ್ಕೂ ಹೆಚ್ಚು ಹೊತ್ತು ಅವರು ಬಿಸಿಲುಮಳೆಗಳಲ್ಲಿ ನಿಂತು ದುಡಿಯುತ್ತಿದ್ದರೆಂಬುದು ಇದರಿಂದಲೇ ತಿಳಿಯುವುದು. ಮುಷ್ಕರದ ಫಲವಾಗಿ ಕೆಲಸದ ಹೊತ್ತು ಕಡಮೆಯಾಯಿತು. ಟಿಕೇಟು ಮಾತ್ರ ಉಳಿಯಿತು.

ಟಿಕೇಟನ್ನು ತಂದುದು ಕಂಪೆನಿಯು ತನ್ನ ಹಣವನ್ನು ಕಾಪಾಡಿಕೊಳ್ಳಲೆಂದೇ ಹೊರತು ಪ್ರಯಾಣಿಕನ ಹಿತಕ್ಕೆಂದಲ್ಲ. ಆದರೂ ಅದರಿಂದ ಹೆಚ್ಚಿನ ರಕ್ಷಣೆ ದೊರೆತುದು ಪರದೇಶಿಗೆ. ಎಲ್ಲಿಂದ ಎಲ್ಲಿಗೆ ಎಷ್ಟೆಂಬುದು ಆ ಚೀಟಿಯ ಮೇಲೆಯೇ ಅಚ್ಚಾಗಿದ್ದಿತು. ಭಾಷೆ ಬಾರದವನೂ ಅಂಕಿಯನ್ನು ಓದಬಲ್ಲನು. ಜಗಳವಾದರೆ ಚೀಟಿಯನ್ನು ತೋರಿಸಬಲ್ಲನು. ಮಾಗನ ಹೊತ್ತಗೆಯ ಹತ್ತು ಸಾವಿರ ಸಂಖ್ಯೆಗಳಲ್ಲಿ ಅವನಿಗೆ ಬೇಕಾದ ಒಂದೇ ಸಂಖ್ಯೆಯು ಅವನ ಅಂಗೈಗೆ ಬಂದಿತು.

೪

ಇಷ್ಟರಲ್ಲಿ ನೆಲದ ಕೆಳಗೆ ಇನ್ನೊಂದು ಪ್ರಯೋಗ ನಡೆದಿದ್ದಿತು. ೧೮೬೩ನೆಯ ಜನವರಿ ೧೦ರಂದು ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್ನಿಗೆ ಪ್ರಪಂಚದ ಮೊದಲ ಸುರಂಗ ರೈಲು ಜನರಿಗೆ ತೆರೆಯಿತು. ಮೊದಲ ತರಗತಿಗೆ ೬ ಪೆನ್ಸ್, ಎರಡನೆಯದಕ್ಕೆ ೪, ಮೂರನೆಯದಕ್ಕೆ ೩. ಮೊದಲ ದಿನವೇ ಸುಮಾರು ೩೮,೦೦೦ ಮಂದಿ ಪ್ರಯಾಣ ಮಾಡಿದರು. ಇಲ್ಲಿ ಬಾಡಿಗೆಯು ಮೊದಲೇ ತೆರುವಂಥದು, ಚೌಕಾಶಿಗೆ ಆಸ್ಪದವಿಲ್ಲ. ಆದರೆ ಹೊಸಬನು ಕಿಟಕಿಯ ಮುಂದೆ ನಿಂತು ತಾನಿಳಿಯುವ ನಿಲ್ದಾಣದ ಹೆಸರನ್ನೂ ತರಗತಿಯನ್ನೂ ಹೇಳಲೇಬೇಕಾಗಿದ್ದಿತು. ಇಂಗ್ಲಿಷಿನ ಊರುಗಳ ಹೆಸರು ಬರೆದಂತೆ ಉಚ್ಚರಿಸತಕ್ಕುದಲ್ಲವಾದುದರಿಂದ ಇದೂ ಸಾಮಾನ್ಯವಾದ ಕಷ್ಟವಲ್ಲ.

೧೮೯೦ರ ಕೊನೆಯಲ್ಲಿ ತೆರೆದ ಸಿಟಿ ಮತ್ತು ದಕ್ಷಿಣ ಲಂಡನ್ ವಿದ್ಯುತ್ ರೈಲಿನಲ್ಲಿ ಈ ಕಷ್ಟವನ್ನೂ ಕಿತ್ತುಹಾಕಿದರು. ಅಲ್ಲಿ ಟಿಕೇಟೇ ಇಲ್ಲ. ತಿರುಗುವ ಗೇಟಿನ ಬಳಿ ೨ ಪೆನ್ಸನ್ನು ಕೊಟ್ಟು ಒಳಕ್ಕೆ ಹೋದರೆ ಯಾವ ನಿಲ್ದಾಣದಲ್ಲಾದರೂ ಇಳಿಯಬಹುದು. ೧೯೦೦ನೆಯ ಜುಲೈ ೩೦ರಂದು ಷೆಪರ್ಡ್ಸ್ ಬುಷ್‌ನಿಂದ ಬ್ಯಾಂಕಿನವರೆಗೆ ಜನರಿಗೆ ತೆರೆದ ಸೆಂಟ್ರಲ್ ಲಂಡನ್ ರೈಲು ಕೂಡ ಒಂದೇ ದರವನ್ನು ಇಟ್ಟುಕೊಂಡಿತು. ೨ ಪೆನ್ಸ್ ಕೊಟ್ಟು ಟಿಕೇಟನ್ನು ಕೊಂಡು, ಕೆಳಕ್ಕಿಳಿಯುವ ಮೊದಲೇ ಅದನ್ನು ಪೆಟ್ಟಿಗೆಗೆ ಹಾಕಿದರಾಯಿತು. ಮುಂದೆ ಯಾರೂ ಕೇಳುವವರಿಲ್ಲ. ಜನರು ಇದನ್ನು ‘ಎರಡು ಪೆನ್ನಿಯ ಕೊಳವೆ’ ಎಂದು ಕರೆದರು. ಬಾಡಿಗೆಯೇ ವಾಹನದ ಹೆಸರಾಯಿತು! ಪರದೇಶಿಯ ದೃಷ್ಟಿಯಿಂದ ಲಂಡನ್ನಿನ ಚರಿತ್ರೆಯಲ್ಲಿ ಇದಕ್ಕಿಂತ ಸುಗಮವಾದ ಕಾಲ ಬೇರೊಂದಿರಲಿಲ್ಲ. ತಿಳಿದಿರಬೇಕಾದುದು ಒಂದೇ ಸಂಖ್ಯೆ. ಅದು ಹೆಸರಿನಲ್ಲಿಯೇ ಇದ್ದಿತು.

ಆದರೆ ಸರಳವಾದುದೆಲ್ಲ ಸಮವಾದುದಲ್ಲ. ಒಂದು ನಿಲ್ದಾಣದ ದೂರ ಹೋಗುವವನೂ ಕೊನೆಯವರೆಗೆ ಹೋಗುವವನೂ ಒಂದೇ ಹಣವನ್ನು ತೆತ್ತರೆ ಮೊದಲನೆಯವನಿಗೆ ಅದು ಹೆಚ್ಚು, ಎರಡನೆಯವನಿಗೆ ಕಡಮೆ. ಬಸ್ಸುಗಳ ಸ್ಪರ್ಧೆಯು ಬಲವಾದಂತೆ ಈ ಲೆಕ್ಕವು ಕಂಪೆನಿಗೆ ಭಾರವಾಯಿತು. ೧೯೦೭ರಲ್ಲಿ ದೂರದ ಪ್ರಯಾಣಕ್ಕೆ ೩ ಪೆನ್ಸ್ ಆಗಿ, ಎರಡು ಪೆನ್ನಿಯ ಕಾಲವು ಮುಗಿಯಿತು. ದೂರಕ್ಕೆ ತಕ್ಕ ದರವು ನ್ಯಾಯವಾದುದೇನೋ ಹೌದು. ಆದರೆ ಅದನ್ನು ತಿಳಿಯುವ ಹೊಣೆಯು ಮರಳಿ ಪ್ರಯಾಣಿಕನ ಹೆಗಲನ್ನೇರಿತು. ನ್ಯಾಯಕ್ಕೂ ಸೌಲಭ್ಯಕ್ಕೂ ನಡುವಣ ಈ ಎಳೆದಾಟವು ಮುಂದಿನ ನೂರು ವರ್ಷಗಳ ಚರಿತ್ರೆಯಲ್ಲಿ ಕಾಣುತ್ತಲೇ ಇರುವುದು.

ಬೇರೆ ಬೇರೆ ಕಂಪೆನಿಗಳ ಸುರಂಗ ರೈಲುಗಳು ೧೯೦೮ರಲ್ಲಿ ‘ಅಂಡರ್‌ಗ್ರೌಂಡ್’ ಎಂಬ ಒಂದೇ ಹೆಸರನ್ನು ಬಳಸಲು ಒಪ್ಪಿದುವು. ೧೯೩೩ನೆಯ ಜುಲೈ ೧ರಂದು ಬಸ್ಸು, ಟ್ರಾಮು, ಸುರಂಗ ರೈಲುಗಳೆಲ್ಲವೂ ಲಾರ್ಡ್ ಆಷ್‌ಫೀಲ್ಡರ ಅಧ್ಯಕ್ಷತೆಯ ಒಂದೇ ಸಾರ್ವಜನಿಕ ಮಂಡಲಿಯ ಕೈಗೆ ಬಂದುವು. ಅದೇ ವರ್ಷ ಹ್ಯಾರಿ ಬೆಕ್ ಎಂಬ ನಕ್ಷೆಗಾರನು ರಚಿಸಿದ, ನೇರವಾದ ಬಣ್ಣದ ಗೆರೆಗಳ ಪ್ರಸಿದ್ಧವಾದ ನಕ್ಷೆಯು ಅಚ್ಚಾಗಿ ಜನರ ಕೈಸೇರಿತು. ದಾರಿಯನ್ನು ತಿಳಿಯುವ ಕಷ್ಟವು ಆ ನಕ್ಷೆಯಿಂದ ಪರಿಹಾರವಾಯಿತು; ದರವನ್ನು ತಿಳಿಯುವ ಕಷ್ಟವು ಉಳಿಯಿತು.

ಆ ಕಷ್ಟವನ್ನು ಹೊತ್ತವನು ಬಸ್ಸಿನ ಕಂಡಕ್ಟರು. ಒಂದು ಪೌಂಡಿಗೆ ೨೦ ಷಿಲಿಂಗ್, ಒಂದು ಷಿಲಿಂಗಿಗೆ ೧೨ ಪೆನ್ಸ್ ಎಂಬ ಹಳೆಯ ಲೆಕ್ಕವು ಅಲ್ಲಿ ೧೯೭೧ನೆಯ ಫೆಬ್ರವರಿ ೧೫ರವರೆಗೆ ನಡೆಯಿತು. ರೂಪಾಯಿಗೆ ೧೬ ಆಣೆ, ಆಣೆಗೆ ೧೨ ಪೈ ಎಂಬ ಎಣಿಕೆಯಲ್ಲಿ ಬೆಳೆದ ಭಾರತೀಯನಿಗೆ ಇಂಥ ಲೆಕ್ಕವು ಹೊಸದಲ್ಲ. ೧೯೫೭ರಲ್ಲಿ ಭಾರತವು ದಶಮಾಂಶ ಪದ್ಧತಿಗೆ ಬಂದ ತರುವಾಯ ಬೆಳೆದವನಿಗೆ ಅದು ತಲೆನೋವೇ ಆಗಿದ್ದಿರಬೇಕು. ಅಂಥವನು ಒಂದು ಹಿಡಿ ನಾಣ್ಯಗಳನ್ನು ಅಂಗೈಯಲ್ಲಿ ಹರಡಿ ಹಿಡಿದರೆ ಕಂಡಕ್ಟರು ಬೇಕಾದುದನ್ನು ಆಯ್ದುಕೊಂಡು ಟಿಕೇಟನ್ನು ಕೊಡಬಹುದಾಗಿದ್ದಿತು. ಜಾರ್ಜ್ ಗಿಬ್ಸನ್ ಎಂಬವನು ರೂಪಿಸಿದ, ೧೯೫೩ರಿಂದ ಬಳಕೆಗೆ ಬಂದ ಸಣ್ಣ ಯಂತ್ರವು ಹಿಡಿಯನ್ನು ತಿರುಗಿಸಿದೊಡನೆ ದರವನ್ನು ಸುರುಳಿಯ ಕಾಗದದ ಮೇಲೆ ಅಚ್ಚುಮಾಡಿ ಹೊರಕ್ಕೆ ಬಿಡುತ್ತಿದ್ದಿತು. ಹಿಂದಿನ ಗಾಡಿಯವನ ಅಜ್ಞಾತವಾದ ದರವೂ ಮುಂದಿನ ಯಂತ್ರದ ಮೌನವಾದ ದರವೂ ಇಲ್ಲದ ನಡುಗಾಲವದು. ಕೇಳಿದರೆ ಹೇಳುವ ಬಾಯಿ, ಹೇಳಿದುದನ್ನು ಸ್ಥಿರಪಡಿಸುವ ಚೀಟಿ, ಇವೆರಡೂ ಜೊತೆಯಾಗಿದ್ದುವು.

೫

ಬಾಡಿಗೆ ಎಷ್ಟೆಂಬ ಪ್ರಶ್ನೆಯ ಹಿಂದೆ ಅದನ್ನು ಕೊಡಬೇಕಾದವರು ಯಾರೆಂಬ ಪ್ರಶ್ನೆಯೂ ಉಂಟು. ೧೯೮೧ರಲ್ಲಿ ಅದು ಇಂಗ್ಲೆಂಡಿನ ಅತ್ಯುಚ್ಚ ನ್ಯಾಯಪೀಠದವರೆಗೆ ಹೋಯಿತು. ಆ ವರ್ಷ ಲಂಡನ್ ಮಹಾನಗರ ಸಭೆಯಲ್ಲಿ ಅಧಿಕಾರಕ್ಕೆ ಬಂದ ಕಾರ್ಮಿಕ ಪಕ್ಷವು, ಕೆನ್ ಲಿವಿಂಗ್‌ಸ್ಟನ್ನರ ಮುಂದಾಳುತನದಲ್ಲಿ, ಅಕ್ಟೋಬರ್ ತಿಂಗಳಿನಿಂದ ದರಗಳನ್ನು ಸುಮಾರು ಮೂರರಲ್ಲೊಂದು ಪಾಲು ಇಳಿಸಿತು. ನಷ್ಟವನ್ನು ಮನೆ ಆಸ್ತಿಗಳ ಮೇಲಿನ ಕಂದಾಯದಿಂದ ತುಂಬಬೇಕೆಂದು ಏರ್ಪಾಡಾಯಿತು. ಬ್ರಾಮ್ಲಿ ಎಂಬ ಹೊರವಲಯದ ಪೌರಸಭೆಯು ಇದನ್ನು ಪ್ರತಿಭಟಿಸಿ ನ್ಯಾಯಸ್ಥಾನಕ್ಕೆ ಹೋಯಿತು. ಬ್ರಾಮ್ಲಿಯ ಎಲ್ಲೆಯೊಳಗೆ ಸುರಂಗ ರೈಲಿನ ನಿಲ್ದಾಣ ಒಂದೂ ಇರಲಿಲ್ಲ. ಡಿಸೆಂಬರಿನಲ್ಲಿ ಲಾರ್ಡರ ನ್ಯಾಯಪೀಠವು ಬ್ರಾಮ್ಲಿಯ ಪರವಾಗಿ ತೀರ್ಪಿತ್ತಿತು. ೧೯೮೨ನೆಯ ಮಾರ್ಚಿಯಲ್ಲಿ ದರಗಳು ಹೆಚ್ಚು ಕಡಮೆ ಇಮ್ಮಡಿಯಾದುವು.

ಈ ವ್ಯಾಜ್ಯದಲ್ಲಿ ಪರದೇಶಿಯು ಪಕ್ಷಗಾರನಾಗಿರಲಿಲ್ಲ. ಆದರೂ ಅವನ ಸ್ಥಾನವೇನೆಂಬುದು ಇದರಲ್ಲಿ ಅಡಗಿದ್ದಿತು. ಅವನು ಆ ನಗರದ ಕಂದಾಯವನ್ನು ಕೊಡುವವನಲ್ಲ. ಕಂದಾಯದ ಹಣದಿಂದ ದರವನ್ನು ಇಳಿಸಿದರೆ ಊರವರ ಹಣದಲ್ಲಿ ಹೊರಗಿನವನೂ ಸವಾರಿ ಮಾಡಿದಂತಾಗುವುದು. ಹಾಗೆಂದು ಹೊರಗಿನವನಿಗೆ ಬೇರೆ ದರವನ್ನು ಕಟ್ಟಿದರೆ, ಅವನ ಉಡುಪನ್ನು ನೋಡಿ ಬಾಡಿಗೆ ಹೇಳುತ್ತಿದ್ದ ಹಳೆಯ ಗಾಡಿಯವನಿಗೂ ನಗರಸಭೆಗೂ ಭೇದವೇನು ಉಳಿಯಿತು? ಲಂಡನ್ನು ಹಿಡಿದ ದಾರಿಯೆಂದರೆ, ದರವನ್ನು ಎಲ್ಲರಿಗೂ ಒಂದೇ ಆಗಿಟ್ಟು, ಅದನ್ನು ತಿಳಿಯುವ ಬಗೆಯನ್ನು ಸುಲಭಗೊಳಿಸುವುದು. ೧೯೮೩ನೆಯ ಮೇ ತಿಂಗಳಲ್ಲಿ, ನ್ಯಾಯಾಲಯಕ್ಕೆ ಒಪ್ಪುವಂತೆ ರಚಿಸಿದ ಹೊಸ ಯೋಜನೆಯಿಂದ ದರಗಳು ಕಾಲುಭಾಗ ಇಳಿದುವು. ನಗರವನ್ನು ನಡುವಿನಿಂದ ಹೊರಕ್ಕೆ ಬಳೆಬಳೆಯಾಗಿ ಐದು ವಲಯಗಳಾಗಿ ವಿಂಗಡಿಸಿ, ಒಂದೇ ಟಿಕೇಟಿನಿಂದ ಬಸ್ಸಿನಲ್ಲಿಯೂ ಸುರಂಗ ರೈಲಿನಲ್ಲಿಯೂ ಎಷ್ಟು ಸಲವಾದರೂ ತಿರುಗಬಹುದಾದ ‘ಟ್ರಾವೆಲ್‌ಕಾರ್ಡು’ ಬಂದಿತು. ಮೊದಲು ವಾರ ತಿಂಗಳುಗಳ ಲೆಕ್ಕದಲ್ಲಿದ್ದ ಇದು ಬೇಗನೆ ಒಂದು ದಿನದ ಲೆಕ್ಕದಲ್ಲಿಯೂ ದೊರೆಯಲು, ನಗರವನ್ನು ನೋಡಬಂದವನಿಗೆ ಬಹಳ ಉಪಕಾರವಾಯಿತು. ಬೆಳಗ್ಗೆ ಒಮ್ಮೆ ಹಣ ತೆತ್ತು ರಾತ್ರಿಯವರೆಗೆ ಆ ಚಿಂತೆಯನ್ನು ಮರೆಯಬಹುದಾಗಿದ್ದಿತು.

೬

೨೦೦೩ರಲ್ಲಿ ಕಾಗದದ ಚೀಟಿಗೆ ಬದಲಾಗಿ ‘ಆಯ್ಸ್ಟರ್’ ಎಂಬ ನೀಲಿಯ ಕಾರ್ಡು ಬಂದಿತು. ಆಯ್ಸ್ಟರ್ ಎಂದರೆ ಶುಕ್ತಿ. ಮುತ್ತನ್ನು ಕಾಪಾಡುವ ಗಟ್ಟಿಯಾದ ಚಿಪ್ಪಿನಂತೆ ಈ ಕಾರ್ಡು ಹಣವನ್ನು ಕಾಪಾಡುವುದೆಂಬ ಭಾವನೆಯಿಂದ ಆ ಹೆಸರಿಟ್ಟರು. ಹಣವನ್ನು ಮುಂಗಡವಾಗಿ ತುಂಬಿ, ಗೇಟಿನ ಬಳಿಯ ಹಳದಿಯ ಫಲಕಕ್ಕೆ ಒಳಹೋಗುವಾಗಲೂ ಹೊರಬರುವಾಗಲೂ ಮುಟ್ಟಿಸಿದರೆ, ದರವನ್ನು ಯಂತ್ರವೇ ಲೆಕ್ಕಹಾಕಿ ಕಳೆದುಕೊಳ್ಳುವುದು. ೨೦೦೫ರಿಂದ ಇದಕ್ಕೆ ದಿನದ ಮಿತಿಯನ್ನೂ ಕೂಡಿಸಿದರು. ಎಷ್ಟೇ ಸಲ ತಿರುಗಿದರೂ ದಿನಕ್ಕೆ ಇಂತಿಷ್ಟನ್ನು ಮೀರಿ ಹಣವು ಹೋಗದು. ಯಾವ ಟಿಕೇಟು ಅಗ್ಗವೆಂದು ಮೊದಲೇ ಆಲೋಚಿಸುವ ಕೆಲಸವೂ ಇದರಿಂದ ತಪ್ಪಿತು.

ಆದರೆ ಈ ಸುಧಾರಣೆಯು ಕೆಲವು ಕಾಲ ಪರದೇಶಿಗೆ ವಿಪರೀತವಾಗಿಯೇ ಪರಿಣಮಿಸಿತು. ಜನರನ್ನು ಕಾರ್ಡಿನ ಕಡೆಗೆ ತಿರುಗಿಸಲೆಂದು ನಗದಿನ ದರವನ್ನು ಬೇಕೆಂದೇ ಏರಿಸಿದರು. ೨೦೦೭ರಲ್ಲಿ ನಡುವಲಯದೊಳಗಿನ ಒಂದು ಸುರಂಗ ರೈಲಿನ ಪ್ರಯಾಣಕ್ಕೆ ಕಾರ್ಡಿದ್ದವನು ಒಂದೂವರೆ ಪೌಂಡನ್ನು ಕೊಟ್ಟರೆ, ನಗದು ಕೊಟ್ಟವನು ೪ ಪೌಂಡುಗಳನ್ನು ತೆರಬೇಕಾಗಿದ್ದಿತು. ಊರವರ ಬಳಿ ಕಾರ್ಡು ಸಾಮಾನ್ಯವಾಗಿ ಇದ್ದೇ ಇರುತ್ತಿದ್ದಿತು. ಅದರ ಹೆಸರನ್ನೇ ಕೇಳಿರದೆ, ವಿಮಾನದಿಂದಿಳಿದು ನೋಟನ್ನು ಹಿಡಿದು ನಿಂತವನು ಯಾರೆಂಬುದನ್ನು ವಿವರಿಸಬೇಕಾದುದಿಲ್ಲ. ಶಾಸನದಲ್ಲಿ ಎಲ್ಲರಿಗೂ ಒಂದೇ ನಿಯಮ. ಫಲದಲ್ಲಿ ಮಾತ್ರ ಗೊತ್ತಿದ್ದವನಿಗೊಂದು ದರ, ಗೊತ್ತಿಲ್ಲದವನಿಗೊಂದು ದರ. ಮೂರೂವರೆ ಶತಮಾನಗಳ ಹಿಂದೆ ಗಾಡಿಯವನ ಮುಂದೆ ನಿಂತಿದ್ದ ಪರದೇಶಿಯ ಸ್ಥಿತಿಯೇ ಹೊಸ ರೂಪದಲ್ಲಿ ಮರಳಿ ಬಂದಿದ್ದಿತು.

ಈ ಭೇದವನ್ನು ಬಹುಮಟ್ಟಿಗೆ ಅಳಿಸಿದುದು ೨೦೧೨ನೆಯ ಡಿಸೆಂಬರಿನಲ್ಲಿ ಬಸ್ಸುಗಳಲ್ಲಿಯೂ ೨೦೧೪ನೆಯ ಸೆಪ್ಟೆಂಬರಿನಲ್ಲಿ ಸುರಂಗ ರೈಲುಗಳಲ್ಲಿಯೂ ಬಂದ ಹೊಸ ಏರ್ಪಾಡು. ಮುಟ್ಟಿಸಿದರೆ ಕೆಲಸಮಾಡುವಂಥ ಬ್ಯಾಂಕಿನ ಕಾರ್ಡು ಕೈಯಲ್ಲಿದ್ದರೆ ಬೇರೆ ಟಿಕೇಟು ಬೇಡ. ದಿನದ ಪ್ರಯಾಣಗಳನ್ನೆಲ್ಲ ಕೂಡಿಸಿ, ಮಿತಿಯನ್ನು ಮೀರದಂತೆ ಲೆಕ್ಕಮಾಡಿ, ರಾತ್ರಿ ಒಟ್ಟು ಹಣವನ್ನು ವಸೂಲುಮಾಡುವರು. ಲಂಡನ್ನಿನಲ್ಲಿಯೇ ಹುಟ್ಟಿ ಬೆಳೆದವನ ಕಾರ್ಡಿಗೂ ನಿನ್ನೆ ಬಂದಿಳಿದವನ ಕಾರ್ಡಿಗೂ ಒಂದೇ ದರ. ೨೦೧೬ನೆಯ ಸೆಪ್ಟೆಂಬರಿನಿಂದ, ಒಂದು ಬಸ್ಸನ್ನು ಹತ್ತಿ ಒಂದು ಗಂಟೆಯೊಳಗೆ ಇನ್ನೊಂದು ಬಸ್ಸಿಗೆ ಬದಲಾಯಿಸಿದರೆ ಎರಡನೆಯದಕ್ಕೆ ಹಣವಿಲ್ಲವೆಂಬ ಅನುಕೂಲವೂ ಸೇರಿತು. ತಪ್ಪು ಬಸ್ಸನ್ನು ಹತ್ತಿದ ಹೊಸಬನು ತಪ್ಪಿಗೆ ದಂಡ ತೆರಬೇಕಾದುದು ತಪ್ಪಿತು.

ಲಾಭದ ಬದಿಯಲ್ಲಿ ನಷ್ಟವನ್ನೂ ಬರೆಯಬೇಕಾದುದು ಚರಿತ್ರೆಯ ಧರ್ಮ. ೨೦೦೫ನೆಯ ಡಿಸೆಂಬರಿನಲ್ಲಿ ಹಳೆಯ ಮಾದರಿಯ ಬಸ್ಸುಗಳು ನಿತ್ಯಸೇವೆಯಿಂದ ನಿಂತಾಗ, ಹಣ ತೆಗೆದುಕೊಂಡು ಟಿಕೇಟು ಕೊಡುತ್ತಿದ್ದ ಕಂಡಕ್ಟರೂ ಅವುಗಳೊಡನೆ ಮರೆಯಾದನು. ೨೦೧೪ನೆಯ ಜುಲೈ ೬ರಿಂದ ಬಸ್ಸುಗಳಲ್ಲಿ ನಗದನ್ನು ತೆಗೆದುಕೊಳ್ಳುವುದು ನಿಂತುಹೋಯಿತು. ಆ ವೇಳೆಗೆ ನಗದು ಕೊಡುತ್ತಿದ್ದವರು ನೂರಕ್ಕೆ ಒಬ್ಬರಷ್ಟೇ ಎಂಬುದು ಅಧಿಕಾರಿಗಳ ಸಮಾಧಾನ. ಆ ಒಬ್ಬನು ಯಾರೆಂಬುದೇ ಇಲ್ಲಿಯ ಪ್ರಶ್ನೆ. ಅವನು ಬ್ಯಾಂಕಿನ ಲೆಕ್ಕವಿಲ್ಲದ ಬಡವನಾಗಿರಬಹುದು. ತನ್ನ ದೇಶದ ಕಾರ್ಡು ಅಲ್ಲಿ ನಡೆಯದೆ ಕೈಸೋತ ಪ್ರವಾಸಿಯಾಗಿರಬಹುದು. ನಿಲ್ದಾಣದಲ್ಲಿಯೋ ಗೊತ್ತಾದ ಅಂಗಡಿಯಲ್ಲಿಯೋ ಶುಕ್ತಿಯ ಕಾರ್ಡನ್ನು ಕೊಂಡುಕೊಳ್ಳುವ ದಾರಿ ಅವನಿಗುಂಟು. ಆದರೆ ಆ ದಾರಿಯುಂಟೆಂಬುದನ್ನು ಅವನು ಮೊದಲು ತಿಳಿದಿರಬೇಕು.

ಕಾರ್ಡಿದ್ದವನೂ ಅರಿತಿರಬೇಕಾದ ನಿಯಮಗಳು ಕೆಲವುಂಟು. ಸುರಂಗ ರೈಲಿನಿಂದ ಹೊರಬರುವಾಗ ಕಾರ್ಡನ್ನು ಮುಟ್ಟಿಸಲು ಮರೆತರೆ ಪರಮಾವಧಿಯ ದರವು ಬೀಳುವುದು. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಮುಟ್ಟಿಸಿದರೆ ಸಾಕು. ಗಂಡಹೆಂಡಿರು ಒಂದೇ ಕಾರ್ಡಿನಲ್ಲಿ ಜೊತೆಯಾಗಿ ಹೋಗುವಂತಿಲ್ಲ; ಒಬ್ಬೊಬ್ಬರಿಗೂ ಬೇರೆ ಬೇರೆ ಬೇಕು. ಬೆಳಗ್ಗೆ ಕಾರ್ಡನ್ನೂ ಸಂಜೆ ಅದೇ ಲೆಕ್ಕದ ದೂರವಾಣಿಯನ್ನೂ ಮುಟ್ಟಿಸಿದರೆ ಯಂತ್ರವು ಅವರನ್ನು ಇಬ್ಬರೆಂದು ತಿಳಿದು ದಿನದ ಮಿತಿಯನ್ನು ಬೇರೆ ಬೇರೆಯಾಗಿ ಎಣಿಸುವುದು. ಹೊರದೇಶದ ಬ್ಯಾಂಕು ಹಣದ ಬದಲಾವಣೆಗೆಂದು ತನ್ನ ಪಾಲನ್ನೂ ಕೂಡಿಸಬಹುದು. ಕೇಳಿದರೆ ಹೇಳುತ್ತಿದ್ದ ಬಾಯಿ ಬಸ್ಸಿನಲ್ಲಿ ಈಗಿಲ್ಲ. ತಪ್ಪಾದುದು ತಿಳಿಯುವುದು ಬ್ಯಾಂಕಿನ ಲೆಕ್ಕ ಬಂದ ಮೇಲೆ.

ಹೀಗೆ ಐದು ಶತಮಾನಗಳನ್ನು ಒಟ್ಟಿಗೆ ನೋಡಿದರೆ, ಬಾಡಿಗೆಯನ್ನು ಅರಿತಿರಬೇಕಾದ ಹೊಣೆಯು ಪ್ರಯಾಣಿಕನಿಂದ ಪುಸ್ತಕಕ್ಕೂ, ಪುಸ್ತಕದಿಂದ ಚೀಟಿಗೂ, ಚೀಟಿಯಿಂದ ಯಂತ್ರಕ್ಕೂ ಸಾಗಿಬಂದಿರುವುದು. ಪ್ರತಿಯೊಂದು ಹೆಜ್ಜೆಯಲ್ಲಿಯೂ ಒಂದು ಅಜ್ಞಾನದ ದಂಡವು ಕಡಮೆಯಾಯಿತು. ಅನೇಕ ವೇಳೆ ಬೇರೊಂದು ಇಲ್ಲಮೆಯ ದಂಡವು ಹುಟ್ಟಿಕೊಂಡಿತು. ಹಿಂದೆ ದರವನ್ನು ಅರಿಯದವನು ತೆತ್ತನು. ಇಂದು ಕಾರ್ಡಿಲ್ಲದವನು ತೆರುತ್ತಾನೆ. ಯಾವ ನಗರವು ತನ್ನ ಬೀದಿಯಲ್ಲಿ ಮೊದಲ ಸಲ ನಿಂತವನಿಂದ ಊರವನಿಗಿಂತ ಒಂದು ಕಾಸನ್ನೂ ಹೆಚ್ಚು ತೆಗೆದುಕೊಳ್ಳುವುದಿಲ್ಲವೋ, ಹಾಗೂ ಕಾರ್ಡಿಲ್ಲದ ನೂರರಲ್ಲೊಬ್ಬನನ್ನೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವುದಿಲ್ಲವೋ, ಆ ನಗರದ ವಾಹನವು ‘ಎಲ್ಲರಿಗಾಗಿ’ ಎಂಬ ಹೆಸರಿಗೆ ಅರ್ಹವಾದುದು.

ಥೇಮ್ಸ್ ನದಿಯ ದಡದಲ್ಲಿ, ಪಾರ್ಲಿಮೆಂಟಿನ ಭವನಕ್ಕೆ ಎದುರು ಬದಿಯ ಆಲ್ಬರ್ಟ್ ದಂಡೆಯ ಮೇಲೆ, ೨೦೧೫ನೆಯ ನವೆಂಬರ್ ೧೪ರಂದು ಬಸವೇಶ್ವರರ ಪ್ರತಿಮೆಯು ಅನಾವರಣಗೊಂಡಿತು. ಅದನ್ನು ನೋಡಲು ಕನ್ನಡನಾಡಿನಿಂದ ಹೋದವರು ಇಂದು ಅಂಬಿಗನೊಡನೆ ಚೌಕಾಶಿ ಮಾಡಬೇಕಾದುದಿಲ್ಲ, ಹತ್ತು ಸಾವಿರ ಬಾಡಿಗೆಗಳ ಹೊತ್ತಗೆಯನ್ನು ಹೊತ್ತು ತಿರುಗಬೇಕಾದುದೂ ಇಲ್ಲ. ಜೇಬಿನ ಕಾರ್ಡು ನಡೆಯುವಂಥದಾದರೆ, ದಾರಿಯ ಮಟ್ಟಿಗಾದರೂ ಅವರು ಅಲ್ಲಿ ಪರದೇಶಿಗಳಲ್ಲ.